ರಿಮೆಂಬರ್ ಮಿ ಟಿಕ್ ಮಾಡಿದ್ರೂ ದಿನಾ ಲಾಗಿನ್ ಕೇಳ್ತಿದೆ, ಯಾಕೆ?

ನೀಲಿಶಾಯಿ:
ಎಲ್ರಿಗೂ ನಮಸ್ಕಾರ. ಒಂದು ತಿಂಗಳಿಂದ ಇದೇ ಗೋಳು, ರಾತ್ರಿ ಲಾಗಿನ್ ಆಗುವಾಗ ಮರೀದೇ ರಿಮೆಂಬರ್ ಮಿ ಅಂತ ಇರೋ ಕಡೆ ಟಿಕ್ ಹಾಕ್ತೀನಿ, ಬೆಳಿಗ್ಗೆ ಲ್ಯಾಪ್‌ಟಾಪ್ ತೆಗೆದ್ರೆ ಮತ್ತೆ ಪಾಸ್‌ವರ್ಡ್ ಕೇಳುತ್ತೆ. ಒಂದ್ ಸೈಟ್ ಅಲ್ಲ, ಮೂರ್ನಾಲ್ಕು ಸೈಟಲ್ಲಿ ಹಿಂಗೇ. ಮೊಬೈಲಲ್ಲಿ ಏನೂ ತೊಂದ್ರೆ ಇಲ್ಲ. ನಿನ್ನೆ ಅಂತೂ ಆ ಟಿಕ್ ಬಾಕ್ಸೇ ಇಲ್ಲದ ಇನ್ನೊಂದು ಸೈಟಲ್ಲಿ ಮುಕ್ಕಾಲು ಗಂಟೆ ಕೂತು ಒಬ್ರಿಗೆ ಉತ್ತರ ಬರ್ದೆ, ಸಬ್ಮಿಟ್ ಒತ್ತಿದ್ ತಕ್ಷಣ ಲಾಗಿನ್ ಪೇಜ್ ಬಂತು, ಬ್ಯಾಕ್ ಹೋದ್ರೆ ಬಾಕ್ಸ್ ಖಾಲಿ. ಅಷ್ಟೂ ಹೋಯ್ತು. ಫೈರ್‌ಫಾಕ್ಸ್ ಬಳಸ್ತೀನಿ. ಗೊತ್ತಿರೋರು ದಯವಿಟ್ಟು ಹೇಳಿ.

ಹಳೇಕೀಲಿ:
ಇದು ಎರಡು ಬೇರೆ ಬೇರೆ ತೊಂದ್ರೆ. ಮೊದಲನೇದು ಕುಕಿದು. ಒಂದು ಪೇಜಿಂದ ಇನ್ನೊಂದಕ್ಕೆ ಹೋದ್ರೆ ನೀವ್ಯಾರು ಅಂತ ಸೈಟ್‌ಗೆ ನೆನಪಿರಲ್ಲ, ಅದಕ್ಕೇ ನಿಮ್ಮ ಬ್ರೌಸರ್ ಕೈಲಿ ಒಂದು ಚೀಟಿ ಕೊಟ್ಟಿರುತ್ತೆ, ಅದೇ ಕುಕಿ, 1994ರಲ್ಲಿ ನೆಟ್‌ಸ್ಕೇಪ್ ಅನ್ನೋ ಬ್ರೌಸರ್ ಕಂಪನಿಯವರು ಶುರು ಮಾಡಿದ್ದು ಇದು. ಚೀಟೀಲಿ ತಾರೀಖು ಇಲ್ಲಾಂದ್ರೆ ಬ್ರೌಸರ್ ಮುಚ್ಚಿದಾಗ ಅದರ ಕಥೆ ಮುಗೀತು. ಟಿಕ್ ಹಾಕಿದ್ರೆ ಸೈಟು ಮುಂದಿನ ಒಂದು ತಾರೀಖು ಬರೆದು ಕೊಡುತ್ತೆ (ಎಷ್ಟೇ ದೂರದ ತಾರೀಖು ಬರೆದ್ರೂ ಕ್ರೋಮ್ 400 ದಿನಕ್ಕಿಂತ ಜಾಸ್ತಿ ಇಟ್ಕೊಳಲ್ಲ). ನಿಮಗೆ ಮೂರ್ನಾಲ್ಕು ಸೈಟಲ್ಲೂ ಹಿಂಗಾಗ್ತಿದೆ ಅಂದ್ರೆ ಸೈಟ್‌ಗಳ ತಪ್ಪಲ್ಲ, ನಿಮ್ಮ ಲ್ಯಾಪ್‌ಟಾಪಲ್ಲೇ ಯಾವುದೋ ಆ ಚೀಟಿ ಹರಿದು ಹಾಕ್ತಿದೆ. ಲಾಗಿನ್ ಆಗಿ, ಎಲ್ಲಾ ವಿಂಡೋ ಮುಚ್ಚಿ, ಐದ್ ನಿಮಿಷ ಬಿಟ್ಟು ತೆಗೀರಿ. ಆಗ್ಲೇ ಲಾಗಿನ್ ಕೇಳಿದ್ರೆ ಬ್ರೌಸರ್ ಸೆಟ್ಟಿಂಗು, ಕೇಳದೇ ಲ್ಯಾಪ್‌ಟಾಪ್ ಆಫ್ ಮಾಡಿ ಆನ್ ಮಾಡಿದ್ಮೇಲೆ ಕೇಳಿದ್ರೆ ಯಾವುದಾದ್ರೂ ಕ್ಲೀನರ್ ಸಾಫ್ಟ್‌ವೇರ್ ಮೇಲೆ ಅನುಮಾನ ಪಡಿ.

ಎರಡನೇದು ಸರ್ವರ್, ಅಂದ್ರೆ ಸೈಟ್ ನಡೆಸೋ ಕಂಪ್ಯೂಟರ್ ಕಡೆದು. ನೀವು ಬರೀತಾ ಕೂತಿದ್ದು ಅದಕ್ಕೆ ಕಾಣಲ್ಲ, ಸುಮ್ನಿದ್ದೀರಿ ಅಂತ ಅನ್ಕೊಂಡು ಸೆಷನ್ (ನೀವು ಲಾಗಿನ್ ಆಗಿದೀರಿ ಅಂತ ಅದು ಇಟ್ಕೊಂಡಿರೋ ಗುರುತು) ಅಳಿಸುತ್ತೆ. ಎಷ್ಟೋ ಸೈಟ್ ಕಟ್ಟೋಕೆ ಬಳಸೋ ಪಿಎಚ್‌ಪಿ ಅನ್ನೋ ಪ್ರೋಗ್ರಾಮಿಂಗ್ ಭಾಷೇಲಿ ಏನೂ ಬದಲಾಯಿಸದೇ ಬಿಟ್ರೆ ಆ ಗಡುವು 1440 ಸೆಕೆಂಡ್, ಅಂದ್ರೆ ಬರೀ 24 ನಿಮಿಷ. ನೀವು ಕೂತಿದ್ದು ಮುಕ್ಕಾಲು ಗಂಟೆ. ಉದ್ದ ಬರೆಯೋದಿದ್ರೆ ನೋಟ್‌ಪ್ಯಾಡಲ್ಲಿ ಬರ್ದು ಪೇಸ್ಟ್ ಮಾಡಿ, ನಂಗೂ ಹಿಂಗೆ ಕಳ್ಕೊಂಡ ಮೇಲೇ ಈ ಅಭ್ಯಾಸ ಬಂತು.

ತಿಳಿಗಾಳಿ:
ಅಡ್ರೆಸ್ ಕೂಡ ನೋಡ್ಕೊಳಿ. ಬುಕ್‌ಮಾರ್ಕಲ್ಲಿ ಮುಂದೆ ಡಬ್ಲ್ಯು ಡಬ್ಲ್ಯು ಡಬ್ಲ್ಯು ಇದ್ದು, ಲಾಗಿನ್ ಆಗಿದ್ದು ಅದಿಲ್ಲದ ಅಡ್ರೆಸಲ್ಲಿ ಆದ್ರೆ ಕೆಲವು ಸೈಟಲ್ಲಿ ಕುಕಿ ಹೊಂದಲ್ಲ. ಇನ್ನೊಂದ್ ಮಾತು, ಬೇರೆಯವರೂ ಬಳಸೋ ಕಂಪ್ಯೂಟರಲ್ಲಿ ದಯವಿಟ್ಟು ಆ ಟಿಕ್ ಹಾಕ್ಬೇಡಿ, ಆ ಚೀಟಿ ಇದ್ದೋರಿಗೆ ಪಾಸ್‌ವರ್ಡೇ ಬೇಡ. ಮರ್ತು ಹಾಕಿ ಬಂದಿದ್ರೆ ಅಕೌಂಟ್ ಸೆಟ್ಟಿಂಗ್ಸಲ್ಲಿ ಎಲ್ಲಾ ಡಿವೈಸ್‌ಗಳಿಂದ ಲಾಗೌಟ್ ಅಂತ ಇದ್ರೆ ಅದನ್ನ ಒತ್ತಿ.

ನೀಲಿಶಾಯಿ:
ಸಿಕ್ತು! ವಿಂಡೋ ಮುಚ್ಚಿ ತೆಗೆದ ತಕ್ಷಣ ಲಾಗಿನ್ ಕೇಳ್ತು. ಸೆಟ್ಟಿಂಗ್ಸ್, ಪ್ರೈವೆಸಿ ಒಳಗೆ ಹೋಗಿ ನೋಡಿದ್ರೆ ಫೈರ್‌ಫಾಕ್ಸ್ ಮುಚ್ಚಿದಾಗ ಕುಕಿ ಡಿಲೀಟ್ ಮಾಡು ಅನ್ನೋದಕ್ಕೆ ಟಿಕ್ ಇತ್ತು, ಹೋದ್ ತಿಂಗಳು ನಾನೇ ಏನೋ ಓದಿ ಹಾಕಿದ್ದೆ, ಈಗ ನೆನಪಾಯ್ತು. ಅದನ್ನ ತೆಗೀದೇ ಪಕ್ಕದ ಎಕ್ಸೆಪ್ಷನ್ಸ್ ಲಿಸ್ಟಿಗೆ ನನಗೆ ಬೇಕಾದ ನಾಲ್ಕು ಸೈಟ್ ಮಾತ್ರ ಸೇರಿಸಿದೀನಿ. ಎರಡು ಸಲ ಮುಚ್ಚಿ ತೆಗೆದೆ, ಲಾಗಿನ್ ಹಂಗೇ ಇದೆ. ಹಳೇಕೀಲಿ ಅವರೇ, ತಿಳಿಗಾಳಿ ಅವರೇ, ತುಂಬಾ ಥ್ಯಾಂಕ್ಸ್. ಕಳೆದುಹೋದ ಉತ್ತರ ಇವತ್ತು ನೋಟ್‌ಪ್ಯಾಡಲ್ಲಿ ಮತ್ತೆ ಬರೀತಿದೀನಿ, ಅವ್ರು ಕಾಯ್ತಾ ಇರ್ತಾರೆ.