‘ಟ್ರೇಸ್’ಗೆ ಕನ್ನಡದಲ್ಲಿ ಏನನ್ನೋಣ? (ಸಾಬೂನು ಕೆಡಿಸಿಕೊಂಡವನ ಪ್ರಶ್ನೆ)

ಒಂದು ಪದ ಬೇಕಾಗಿದೆ. ನಿಜ ಹೇಳಬೇಕಂದ್ರೆ ನಾಲ್ಕೈದು ಬೇಕು, ಆದರೆ ಮೊದಲು ಒಂದನ್ನೇ ಕೇಳುತ್ತೇನೆ. ಆ ಪದ ಇಲ್ಲದೆ ನನ್ನ ಅರ್ಧ ಕೆಜಿ ಎಣ್ಣೆ ಹಾಳಾಗಿದೆ.

ಮನೆಯಲ್ಲೇ ಸಾಬೂನು ಮಾಡುವುದನ್ನು ಕಲಿಯುತ್ತಿದ್ದೇನೆ. ಕೆಲಸ ಹೀಗೆ: ಎಣ್ಣೆಗಳನ್ನು ಬೆಚ್ಚಗೆ ಮಾಡಿಕೊಳ್ಳಬೇಕು, ಕಾಸ್ಟಿಕ್ ಸೋಡಾ ಕರಗಿದ ನೀರನ್ನು ಅದಕ್ಕೆ ಸುರಿಯಬೇಕು, ಆಮೇಲೆ ಕೈ ಬ್ಲೆಂಡರಿನಿಂದ ಕಡೆಯುತ್ತಾ ಹೋಗಬೇಕು. ಮೊದಲು ಎಣ್ಣೆ ಬೇರೆ, ನೀರು ಬೇರೆ. ಕಡೆಯುತ್ತಾ ಇದ್ದರೆ ಒಂದು ಹೊತ್ತಿಗೆ ಎರಡೂ ಸೇರಿ ಮತ್ತೆ ಬಿಡಿಸಲಾಗದಂತೆ ಆಗುತ್ತವೆ. ಚಮಚದಿಂದ ಎತ್ತಿ ಇಳಿಬಿಟ್ಟರೆ ಮೇಲೆ ಒಂದು ಗೆರೆ ಬಿದ್ದು ಸ್ವಲ್ಪ ಹೊತ್ತು ಹಾಗೇ ನಿಲ್ಲುತ್ತದೆ. ಇದಕ್ಕೆ ಸಾಬೂನು ಮಾಡುವವರೆಲ್ಲ ಟ್ರೇಸ್ ಅನ್ನುತ್ತಾರೆ. ‘ಟ್ರೇಸ್ ಬಂತಾ?’ ‘ಇನ್ನೂ ಇಲ್ಲ, ಕಡೀತಾ ಇದೀನಿ.’ ಕನ್ನಡದಲ್ಲಿ ಮಾತಾಡುವಾಗಲೂ ಇದೇ ಮಾತು.

ನನಗೆ ಹೇಳಿಕೊಟ್ಟವರು ಇದನ್ನು ಕನ್ನಡ ಮಾಡಿ ‘ಮಂದ ಆಗೋವರೆಗೂ ಕಡೀರಿ’ ಅಂದರು. ಸರಿ, ಕಡೆದೆ. 300 ಗ್ರಾಂ ಕೊಬ್ಬರಿ ಎಣ್ಣೆ, 100 ಗ್ರಾಂ ಆಲಿವ್ ಎಣ್ಣೆ, 100 ಗ್ರಾಂ ಕೋಕೋ ಬೆಣ್ಣೆ. ಅವತ್ತು ಚಳಿ ಬೇರೆ. ಎರಡೇ ನಿಮಿಷದಲ್ಲಿ ಚೆನ್ನಾಗಿ ಮಂದ ಆಯಿತು. ಗೆರೆಯೂ ಬಿತ್ತು, ನಿಂತಿತು. ಖುಷಿಯಿಂದ ಅಚ್ಚಿಗೆ ಸುರಿದು ಮಲಗಿದೆ. ಬೆಳಗ್ಗೆ ನೋಡಿದರೆ ಮೇಲೆ ಎಣ್ಣೆ ತೇಲುತ್ತಿದೆ, ಕೆಳಗೆ ಬಿಳಿ ಗಟ್ಟಿ, ಅದರ ಮಧ್ಯೆ ಸಣ್ಣ ಸಣ್ಣ ಗುಂಡಿಗಳಲ್ಲಿ ನೀರು. ಆ ನೀರು ಬರೀ ನೀರಲ್ಲ, ಸೋಡಾ ನೀರು. ಮುಟ್ಟಿದ ಬೆರಳು ಮೊದಲು ಜಾರುಜಾರಾಗಿ, ಆಮೇಲೆ ಉರಿಯತೊಡಗಿತು. ಆ ಜಾರು ಯಾಕೆ ಗೊತ್ತಾ? ಸೋಡಾ ನಮ್ಮ ಚರ್ಮದ ಜಿಡ್ಡನ್ನೇ ಸಾಬೂನು ಮಾಡುತ್ತಿರುತ್ತದೆ!

ಆಗಿದ್ದು ಇಷ್ಟೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ, ಕೋಕೋ ಬೆಣ್ಣೆ ಅದಕ್ಕೂ ಮೊದಲೇ, 30ರ ಮೇಲಿರುವಾಗಲೇ. ನಾನು ಎಣ್ಣೆ ತೀರಾ ತಣ್ಣಗಿದ್ದಾಗ ಶುರು ಮಾಡಿದ್ದರಿಂದ ಕೊಬ್ಬು ಸುಮ್ನೆ ಹೆಪ್ಪುಗಟ್ಟಿದೆ. ಮಂದ ಆಗಿದ್ದು ಚಳಿಗೆ. ಸೋಡಾ ಜೊತೆ ಅದು ಸೇರಿರಲೇ ಇಲ್ಲ. ಇದಕ್ಕೂ ಇಂಗ್ಲಿಷಿನವರು ಹೆಸರಿಟ್ಟಿದ್ದಾರೆ, ಫಾಲ್ಸ್ ಟ್ರೇಸ್ ಅಂತ. ಪತ್ತೆ ಹಚ್ಚೋದು ಸುಲಭ: ಪಾತ್ರೆಯನ್ನು ಬಿಸಿನೀರಿನ ಮೇಲಿಟ್ಟು ಸ್ವಲ್ಪ ಬೆಚ್ಚಗೆ ಮಾಡಿದರೆ ಸುಳ್ಳು ಮಂದ ಕರಗಿ ಮತ್ತೆ ತೆಳ್ಳಗಾಗುತ್ತದೆ. ನಿಜವಾದದ್ದು ಹಿಂದಕ್ಕೆ ಹೋಗುವುದಿಲ್ಲ.

ಅಂದರೆ ‘ಮಂದ’ ಅನ್ನುವುದು ಇಲ್ಲಿ ಕೈ ಕೊಡುವ ಪದ. ಅದು ಕಣ್ಣಿಗೆ ಕಾಣುವುದನ್ನಷ್ಟೇ ಹೇಳುತ್ತದೆ, ಒಳಗೆ ಆದದ್ದನ್ನು ಹೇಳುವುದಿಲ್ಲ. ‘ಗೆರೆ’ ಚೆಂದ ಇದೆ, ‘ಗೆರೆ ನಿಂತಿತು’ ಅಂದರೆ ಚಿತ್ರವೇ ಕಣ್ಣಿಗೆ ಕಟ್ಟುತ್ತದೆ. ಆದರೆ ನನ್ನ ಹೆಪ್ಪುಗಟ್ಟಿದ ಕೊಬ್ಬಿನಲ್ಲೂ ಗೆರೆ ನಿಂತಿತ್ತಲ್ಲ! ‘ಜಾಡು’ ಅಂತ ಒಬ್ಬರು ಸೂಚಿಸಿದರು. ಅದು ನಿಘಂಟು ನೋಡಿ ಇಟ್ಟ ಪದ, ಕಳ್ಳನನ್ನು ಹಿಡಿಯಲು ಹೊರಟ ಹಾಗಿದೆ, ಬೇಡ.

ನನಗೆ ಒಪ್ಪುತ್ತಿರುವುದು ‘ಹದ’. ಮಣ್ಣು ಹದಕ್ಕೆ ಬರುತ್ತದೆ, ಚರ್ಮ ಹದ ಮಾಡುತ್ತಾರೆ, ಕಬ್ಬಿಣಕ್ಕೂ ಹದ ಉಂಟು. ಇವೆಲ್ಲದರಲ್ಲೂ ವಸ್ತು ಒಳಗಿನಿಂದ ತಯಾರಾಗಿದೆ ಅನ್ನುವ ಅರ್ಥ ಇದೆ. ಇನ್ನೊಂದು ಅನುಕೂಲ ಅಂದರೆ ಕ್ರಿಯಾಪದಗಳು ಪುಕ್ಕಟೆ ಸಿಗುತ್ತವೆ: ಹದ ಬಂತು, ಹದ ತಪ್ಪಿತು, ಹದ ಮೀರಿತು. ಫಾಲ್ಸ್ ಟ್ರೇಸಿಗೆ ‘ಹುಸಿಹದ’. ತೆಳು ಟ್ರೇಸಿಗೆ ‘ಎಳೆಹದ’. ಅಲ್ಲಿ ಎಳೆ ಅಂದರೆ ಎಳಸು ಅಂತಲೂ ಆಯಿತು, ಚಮಚದಿಂದ ಇಳಿಯುವ ದಾರ ಅಂತಲೂ ಆಯಿತು. ಬಣ್ಣ ಹಾಕಿ ಸುಳಿ ಬಿಡಿಸುವವರು ಎಳೆಹದದಲ್ಲೇ ಸುರಿಯಬೇಕು, ಗಟ್ಟಿಹದಕ್ಕೆ ಹೋದರೆ ಸುಳಿ ಬರುವುದಿಲ್ಲ. ಇದರ ಮೇಲಿರುವ ಆಕ್ಷೇಪ ಒಂದೇ: ಹದ ಎಲ್ಲದಕ್ಕೂ ಇದೆ, ಹಾಗಾಗಿ ಸಾಬೂನಿಗೆ ಮಾತ್ರ ಅಂತ ಗುರುತು ಉಳಿಯಲ್ಲ. ‘ಕೂಡುಹದ’ ಅಂದರೆ ಹೇಗೆ? ಎಣ್ಣೆ, ನೀರು ಎರಡೂ ಕೂಡಿದ ಹದ. ಬಾಯಿಗೆ ಸ್ವಲ್ಪ ಹೊಸದು ಅನ್ನಿಸುತ್ತಾ?

ಇದನ್ನೆಲ್ಲ ಯಾಕೆ ಕೇಳುತ್ತಿದ್ದೇನೆ ಅಂದರೆ, ಹೊಸದಾಗಿ ಕಲಿಯುವ ಕೆಲವು ಗೆಳೆಯರಿಗೆ ಅಂತ ಕನ್ನಡದಲ್ಲಿ ನಾಲ್ಕು ಪುಟದ ಟಿಪ್ಪಣಿ ಬರೆದೆ. ಬರೆಯುತ್ತಾ ಗೊತ್ತಾಯಿತು, ಅರ್ಧ ಎಡವಟ್ಟುಗಳಿಗೆ ಭಾಷೆಯೇ ಕಾರಣ. ಒಂದು ವಾಕ್ಯ ನೋಡಿ:

‘ಸೋಡಾ ನೀರಿಗೆ ಹಾಕಿ ಕಲಸಿ.’

ನಾನು ಬರೆದ ಅರ್ಥ, ಸೋಡಾವನ್ನು ನೀರಿಗೆ ಹಾಕಿ ಅಂತ. ಓದಿದವರೊಬ್ಬರು ‘ಸೋಡಾನೀರಿಗೆ ಏನನ್ನು ಹಾಕಬೇಕು?’ ಅಂತ ಕೇಳಿದರು. ಸಮಾಸ ಮಾಡಿಕೊಂಡಿದ್ದಾರೆ! ತಪ್ಪು ಅವರದಲ್ಲ, ದ್ವಿತೀಯಾ ವಿಭಕ್ತಿಯನ್ನು ನಾವು ಬರವಣಿಗೆಯಲ್ಲೂ ನುಂಗಿಬಿಡುತ್ತೇವೆ. ಇನ್ನೊಬ್ಬರು ಅದನ್ನೇ ಫೋನಿನಲ್ಲಿ ಬೇರೆಯವರಿಗೆ ಹೇಳುವಾಗ ‘ಸೋಡಾ, ನೀರು ಹಾಕಿ ಕಲಸು’ ಅಂದಿದ್ದಾರೆ. ಇಲ್ಲಿ ‘-ಗೆ’ ಕೂಡ ಹೋಯಿತು. ಕೇಳಿದವರು ಸ್ಟೀಲ್ ಪಾತ್ರೆಯಲ್ಲಿ ಮೊದಲು ಸೋಡಾ ಹಾಕಿ, ಅದರ ಮೇಲೆ ನೀರು ಹೊಯ್ದಿದ್ದಾರೆ. ಹಾಗೆ ಮಾಡಿದರೆ ತಳದಲ್ಲಿ ಗಟ್ಟಿ ಗಡ್ಡೆ ಕಟ್ಟಿ, ಬಿಸಿಯೆಲ್ಲ ಒಂದೇ ಕಡೆ ಸೇರಿ, ಕುದಿದು ಮೇಲಕ್ಕೆ ಸಿಡಿಯುತ್ತದೆ. ಅವರಿಗೆ ಕನ್ನಡಕ ಇತ್ತು, ಬಚಾವಾದರು. ನೀರಿಗೆ ಸೋಡಾ ಹಾಕಿದರೂ ದ್ರಾವಣ 80 ಡಿಗ್ರಿ ದಾಟಬಹುದು, ಆದರೆ ಸ್ವಲ್ಪ ಸ್ವಲ್ಪವೇ ಉದುರಿಸಿದರೆ ಆ ಬಿಸಿಯನ್ನು ನೀರು ತಡೆದುಕೊಳ್ಳುತ್ತದೆ.

ಈಗ ‘ನೀರು ಮೊದಲು. ನೀರಿಗೆ ಸೋಡಾ ಉದುರಿಸಿ’ ಅಂತ ತಿದ್ದಿದ್ದೇನೆ. ‘ಹಾಕಿ’ಗಿಂತ ‘ಉದುರಿಸಿ’ ಎಷ್ಟೋ ವಾಸಿ. ಉದುರಿಸಲು ಬರುವುದು ಪುಡಿಯನ್ನೇ ಹೊರತು ನೀರನ್ನಲ್ಲ, ಹಾಗಾಗಿ ಪ್ರತ್ಯಯ ಬಿದ್ದುಹೋದರೂ ಅರ್ಥ ಕೆಡುವುದಿಲ್ಲ. ನಿಮಗೇನನ್ನಿಸುತ್ತದೆ?

ಇನ್ನೊಂದು ‘ಕರಗಿಸು’. ಕೋಕೋ ಬೆಣ್ಣೆಯನ್ನೂ ಕರಗಿಸುತ್ತೇವೆ, ಸೋಡಾವನ್ನೂ ಕರಗಿಸುತ್ತೇವೆ. ಒಂದಕ್ಕೆ ಒಲೆ ಬೇಕು, ಇನ್ನೊಂದಕ್ಕೆ ಒಲೆಯ ಹತ್ತಿರವೂ ಹೋಗಬಾರದು. ಪಾಪ, ಒಬ್ಬರು ಸೋಡಾ ನೀರನ್ನು ಒಲೆಯ ಮೇಲಿಟ್ಟಿದ್ದರು, ಅದೂ ಅಲ್ಯೂಮಿನಿಯಂ ಪಾತ್ರೆಯಲ್ಲಿ. ಸೋಡಾ ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ, ಹೈಡ್ರೋಜನ್ ಅನಿಲ ಬರುತ್ತದೆ, ಅದಕ್ಕೆ ಬೆಂಕಿ ತಾಗಿದರೆ ಕಥೆ ಬೇರೆ. ಪಾತ್ರೆ ಕಪ್ಪಾಗಿ ಬುಸುಗುಟ್ಟತೊಡಗಿದಾಗ ಒಲೆ ಆರಿಸಿ ಕಿಟಕಿ ತೆಗೆದು ಹೊರಗೆ ಓಡಿದರಂತೆ. ಕೊಬ್ಬಿಗೆ ‘ಕಾಯಿಸಿ ಕರಗಿಸು’, ಸೋಡಾಕ್ಕೆ ‘ನೀರಿನಲ್ಲಿ ಕದಡು’ ಅಂತ ಬೇರೆ ಮಾಡಬಹುದಾ? ಕದಡು ಅಂದರೆ ಮಸುಕಾಗುವ ಅರ್ಥವೂ ಇದೆ. ವಿಚಿತ್ರ ಅಂದರೆ ಸೋಡಾ ಹಾಕಿದಾಗ ನೀರು ಮೊದಲು ಮಸುಕಾಗಿ, ಆಮೇಲೇ ತಿಳಿಯಾಗುತ್ತದೆ.

ಸೋಡಾ ಅನ್ನುವ ಹೆಸರೇ ಒಂದು ಗೊಂದಲ. ಅಡುಗೆ ಸೋಡಾ, ವಾಷಿಂಗ್ ಸೋಡಾ, ಕಾಸ್ಟಿಕ್ ಸೋಡಾ, ಎಲ್ಲವೂ ಸೋಡಾ. ಸಾಬೂನಾಗುವುದು ಮೂರನೆಯದರಿಂದ ಮಾತ್ರ, ಅಂದರೆ ಸೋಡಿಯಂ ಹೈಡ್ರಾಕ್ಸೈಡ್. ವಾಷಿಂಗ್ ಸೋಡಾ ಹಾಕಿ ಒಂದು ಗಂಟೆ ಕಡೆದು, ಎಣ್ಣೆ ಎಣ್ಣೆಯಾಗೇ ಉಳಿದದ್ದನ್ನು ನೋಡಿ ಬೈದುಕೊಂಡವರಿದ್ದಾರೆ. ಪಠ್ಯಪುಸ್ತಕದಲ್ಲಿ ‘ದಾಹಕ ಸೋಡಾ’ ಅಂತ ಇದೆ, ಓದಿದರೆ ಬಾಯಾರಿಕೆಯ ದಾಹವೇ ಮೊದಲು ನೆನಪಾಗುತ್ತದೆ. ನನ್ನ ಡಬ್ಬದ ಮೇಲೆ ‘ಸುಡುಸೋಡಾ’ ಅಂತ ದಪ್ಪಕ್ಷರದಲ್ಲಿ ಬರೆದಿದ್ದೇನೆ. ‘ಕ್ಷಾರದ ನೀರು’ ಅಂತ ಕರೆಯಲು ಹೋದರೆ ಅದು ಬಾಯಲ್ಲಿ ‘ಖಾರದ ನೀರು’ ಆಗಿ ಎಲ್ಲರೂ ನಗುತ್ತಾರೆ. ಮೂಲ ಒಂದೇ ಅನ್ನಿ, ಕ್ಷಾರವೇ ಖಾರ ಆಗಿರೋದು. ಹಳಬರ ಬಾಯಲ್ಲಿದ್ದ ‘ಸಬಕಾರ’ದ ಕೊನೆಯ ಕಾರವೂ ನನ್ನ ಕಿವಿಗೆ ಇದೇ ಅನ್ನಿಸುತ್ತದೆ.

ಸುಟ್ಟ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ‘ವಿನೆಗರ್ ಹಾಕಿದರೆ ಸೋಡಾ ಮುರಿಯುತ್ತೆ’ ಅನ್ನುತ್ತಾರೆ. ವಿಷ ಮುರಿಯೋದು ಅನ್ನುವ ಹಾಗೆ, ಒಳ್ಳೆಯ ಬಳಕೆ. ಅದನ್ನು ನಂಬಿ ಮಣಿಕಟ್ಟಿನ ಮೇಲೆ ಹನಿ ಬಿದ್ದಾಗ ವಿನೆಗರ್ ಸುರಿದುಕೊಂಡೆ, ಉರಿ ಇನ್ನೂ ಜಾಸ್ತಿ ಆಯಿತು. ಆಮ್ಲ ಕ್ಷಾರ ಸೇರಿದಾಗ ಬಿಸಿ ಹುಟ್ಟುತ್ತದೆ, ಅದೂ ಚರ್ಮದ ಮೇಲೆ. ನಲ್ಲಿ ಬಿಟ್ಟು ಕನಿಷ್ಠ 15 ನಿಮಿಷ ಹರಿಯುವ ನೀರಿನಲ್ಲಿ ಹಿಡಿಯಬೇಕು, ಅಷ್ಟೇ. ಕಣ್ಣಿಗೆ ಬಿದ್ದರೆ ತೊಳೆಯುತ್ತಲೇ ಡಾಕ್ಟರ ಹತ್ತಿರ ಹೋಗಬೇಕು.

ಎರಡನೆಯ ದೊಡ್ಡ ಪ್ರಶ್ನೆ ‘ಕ್ಯೂರ್’ ಬಗ್ಗೆ. ಅಚ್ಚಿನಿಂದ ತೆಗೆದು ಕತ್ತರಿಸಿದ ಬಿಲ್ಲೆಗಳನ್ನು 4ರಿಂದ 6 ವಾರ ಗಾಳಿಯಾಡುವ ಕಡೆ ಇಡಬೇಕು. ‘ಒಣಗಿಸಿ’ ಅಂತ ಬರೆದಿದ್ದೆ. ಒಬ್ಬರು ಬಿಸಿಲಿಗಿಟ್ಟರು, ಬಿಲ್ಲೆ ಬಿಲ್ಲಿನಂತೆ ಬಾಗಿತು. ಇನ್ನೊಬ್ಬರು ನಾಲ್ಕನೇ ದಿನ ಮುಟ್ಟಿ ನೋಡಿ ‘ಒಣಗಿದೆಯಲ್ಲ’ ಅಂತ ಬಳಸಿದರು, ಎರಡು ಸ್ನಾನಕ್ಕೆ ಲೋಳೆಯಾಗಿ ಕರಗಿಹೋಯಿತು. ಅವರ ತಪ್ಪೇನಿದೆ, ಒಣಗು ಅಂದರೆ ಮುಟ್ಟಿ ನೋಡಿದರೆ ಗೊತ್ತಾಗುವ ಸಂಗತಿ ತಾನೇ. ಇಲ್ಲಿ ಮೇಲ್ಭಾಗ ಎರಡು ದಿನಕ್ಕೇ ಒಣಗಿರುತ್ತದೆ, ಒಳಗಿನ ನೀರು ವಾರಗಟ್ಟಲೆ ಆರುತ್ತಾ ಇರುತ್ತದೆ. ವಾರಕ್ಕೊಮ್ಮೆ ತೂಕ ಹಾಕಿ, ಇಳಿಯುವುದು ನಿಂತ ಮೇಲೆ ಬಳಸಿದರೆ ಬಿಲ್ಲೆ ಬಾಳಿಕೆ ಬರುತ್ತದೆ, ನೊರೆಯೂ ಮೆದುವಾಗಿರುತ್ತದೆ. ‘ಮಾಗು’ ಅನ್ನೋಣ ಅಂತಿದ್ದೇನೆ. ಮಾಗಲು ಬಿಡುತ್ತೇವೆ, ಮಾಗಿಸಲು ಅವಸರ ಮಾಡಿದರೆ ಕೆಡುತ್ತದೆ ಅನ್ನುವುದು ಆ ಪದದಲ್ಲೇ ಇದೆ. ಹಣ್ಣಿನ ವಾಸನೆ ಜಾಸ್ತಿ ಬರುತ್ತದೆ ಅಂದರೆ ಬೇರೆ ಹೇಳಿ.

ಮಾಗುವಾಗ ಕೆಲವು ಸಲ ಮೇಲೆ ಬಿಳಿ ಪುಡಿ ಕೂರುತ್ತದೆ. ಸೇರದೆ ಉಳಿದ ಸೋಡಾ ಗಾಳಿಯ ಕಾರ್ಬನ್ ಡೈಆಕ್ಸೈಡಿನ ಜೊತೆ ಸೇರಿ ಸೋಡಿಯಂ ಕಾರ್ಬೊನೇಟ್ ಆಗಿರುತ್ತದೆ, ಸೋಡಾ ಆಶ್ ಅನ್ನುತ್ತಾರೆ. ನಾನು ‘ಬೂದಿ ಕೂರುತ್ತದೆ’ ಅಂತ ಅನುವಾದಿಸಿದೆ. ತೋಟ ಇರುವವರಿಗೆ ಬೂದಿ ರೋಗ ಗೊತ್ತಲ್ಲ, ಎಲೆಯ ಮೇಲೆ ಬರುವ ಶಿಲೀಂಧ್ರ. ‘ಬೂಷ್ಟು ಬಂದಿದೆ’ ಅಂದುಕೊಂಡು ಒಬ್ಬರು ಹನ್ನೆರಡು ಬಿಲ್ಲೆ ಎಸೆದರು! ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುವಂಥದ್ದು. ‘ಸೋಡಾ ಹೂವು’ ಅಂದರೆ ಅತಿಯಾಯಿತಾ?

ಕೆಲವು ಪದಗಳು ಮಾತ್ರ ಹುಡುಕದೆಯೇ ಸಿಕ್ಕವು. ಲವಂಗದ ಎಣ್ಣೆಯಂಥ ಕೆಲವು ಪರಿಮಳ ಹಾಕಿದ ಕೂಡಲೇ ಪಾತ್ರೆಯಲ್ಲೇ ಎಲ್ಲ ಬಿಗಿದು ಕಲ್ಲಾಗುತ್ತದೆ, ಬ್ಲೆಂಡರ್ ಎತ್ತಿದರೆ ಪಾತ್ರೆಯೂ ಜೊತೆಗೆ ಏಳುತ್ತದೆ. ಅವರು ಸೀಜ್ ಅನ್ನುತ್ತಾರೆ, ನಾನು ‘ಸೆಟೆದುಕೊಂಡಿತು’ ಅಂದೆ, ಎಲ್ಲರಿಗೂ ಒಂದೇ ಸಲಕ್ಕೆ ಅರ್ಥವಾಯಿತು. ಸಣ್ಣ ಕಾಳು ಕಾಳಾಗಿ ಒಡೆದರೆ ‘ನುಚ್ಚಾಯಿತು’. ಸೂಪರ್‌ಫ್ಯಾಟ್‌ಗೆ ‘ಕೊಸರು’. ಎಲ್ಲ ಎಣ್ಣೆಯೂ ಸಾಬೂನಾಗದೆ ಸ್ವಲ್ಪ ಉಳಿದು ಚರ್ಮಕ್ಕೆ ಮೆದುವಾಗಲಿ ಅಂತ ಬಿಡುವ ಪಾಲು ಅದು. ಆದರೆ ಕೊಸರು ಅಂದ ಕೂಡಲೇ ಮೇಲಿಂದ ಎಣ್ಣೆ ಹಾಕುತ್ತಾರೆ ಅನ್ನುವ ಭಯ ಇದೆ. ನಿಜಕ್ಕೂ ಸೋಡಾ ಕಮ್ಮಿ ಮಾಡಬೇಕು. ನನ್ನ ಮೇಲಿನ ಲೆಕ್ಕದಲ್ಲಿ ಪೂರ್ತಿ ಎಣ್ಣೆಗೆ ಸುಮಾರು 82 ಗ್ರಾಂ ಸೋಡಾ ಬೇಕು, ಶೇಕಡಾ 5 ಬಿಟ್ಟರೆ 78. ಎಣ್ಣೆಯನ್ನೂ ಹೆಚ್ಚಿಸಿ ಸೋಡಾವನ್ನೂ ಇಳಿಸಿದರೆ ಬಿಲ್ಲೆ ಜಿಡ್ಡುಜಿಡ್ಡು. ಮತ್ತೆ ಇದೆಲ್ಲ ತೂಕದ ಲೆಕ್ಕ, ಲೋಟದ ಲೆಕ್ಕ ಅಲ್ಲ. ‘ಅಳತೆ’ ಅಂತ ಬರೆದರೆ ಲೋಟ ಹಿಡಿಯುತ್ತಾರೆ, ‘ತೂಕ’ ಅಂತಲೇ ಬರೆಯಬೇಕು.

ಕೊನೆಗೆ, ನನ್ನ ಆ ಹುಸಿಹದದ ಸಾಬೂನು. ಅದನ್ನು ಎಸೆಯಲಿಲ್ಲ. ಕೈಗವಸು ಹಾಕಿಕೊಂಡು ತೇಲಿದ ಎಣ್ಣೆ, ಗುಂಡಿಯ ನೀರು, ಗಟ್ಟಿ ಎಲ್ಲವನ್ನೂ ಒಟ್ಟಿಗೆ ಸ್ಟೀಲ್ ಪಾತ್ರೆಗೆ ಬಳಿದು, ಸಣ್ಣ ಉರಿಯಲ್ಲಿ ಕಾಯಿಸಿ ಮತ್ತೆ ಕಲಸಿದೆ. ಒಂದೂವರೆ ಗಂಟೆ ಹಿಡಿಯಿತು. ಈಗ ಉಬ್ಬುತಗ್ಗಾಗಿ ಕುರೂಪಿಯಾಗಿ ಕೂತಿದೆ, ಆದರೆ ನಾಲಿಗೆಯ ತುದಿಗೆ ತಾಗಿಸಿದರೆ ಚುರ್ ಅನ್ನುವುದಿಲ್ಲ, ಅಂದರೆ ಸೋಡಾ ಉಳಿದಿಲ್ಲ. ಇದನ್ನು ರೀಬ್ಯಾಚ್ ಅನ್ನುತ್ತಾರೆ. ‘ಮರುಹದ’ ಅಂತ ಬರೆದು ಹೊಡೆದುಹಾಕಿದ್ದೇನೆ, ‘ಮರುಕಾಯಿಸಿದ್ದು’ ಅಂತ ಬರೆದು ಅದನ್ನೂ ಹೊಡೆದುಹಾಕಿದ್ದೇನೆ. ಡಬ್ಬಕ್ಕೆ ಚೀಟಿ ಅಂಟಿಸಬೇಕು, ಏನಂತ ಬರೆಯಲಿ?