ಮೇ ನಡುವಿನಿಂದ ಮೂರು ವಾರ: ಅಮೆರಿಕದ ರಾಷ್ಟ್ರೀಯ ಉದ್ಯಾನಗಳಿಗೆ ದಾರಿ ಹೇಗೆ ಹಾಕಿಕೊಳ್ಳುವುದು?

ಪ್ರಶ್ನೆ: ಮೇ ನಡುವಿನಿಂದ ಮೂರು ವಾರ ರಜೆ. ನಾವಿಬ್ಬರು, ಜೊತೆಗೆ ಅಪ್ಪ-ಅಮ್ಮ. ಅವರಿಬ್ಬರಿಗೂ 65 ದಾಟಿದೆ, ಅಮ್ಮನಿಗೆ ಮಂಡಿ ನೋವು. ನಾವು ಅಮೆರಿಕದಲ್ಲೇ ಇರುವವರು, ಅವರು ವೀಸಾ ಮೇಲೆ ಬರುತ್ತಿದ್ದಾರೆ. ಗ್ರ್ಯಾಂಡ್ ಕ್ಯಾನ್ಯನ್, ಜಯಾನ್, ಯೊಸೆಮಿಟಿ, ಯೆಲ್ಲೋಸ್ಟೋನ್, ಗ್ಲೇಸಿಯರ್, ಆಗುವುದಾದರೆ ಕೆನಡಾದ ಬ್ಯಾಂಫ್ ಕೂಡ ಒಂದೇ ಸುತ್ತಿನಲ್ಲಿ ಕಾರಲ್ಲಿ ನೋಡಬೇಕೆಂದಿದೆ. ಸಾಧ್ಯವೇ? ಹೋಗಿ ಬಂದವರು ದಯವಿಟ್ಟು ತಿಳಿಸಿ.

ಉತ್ತರ 1

ಪಟ್ಟಿಯಲ್ಲಿ ಮೂರನ್ನು ಈಗಲೇ ಹೊಡೆದುಹಾಕಿ. ದೂರ ಒಂದು ಕಾರಣ, ಹಿಮ ಇನ್ನೂ ದೊಡ್ಡ ಕಾರಣ. ಈ ಭಾಗದಲ್ಲಿ ಪ್ರವಾಸದ ದಾರಿಯನ್ನು ತೀರ್ಮಾನಿಸುವುದು ಎತ್ತರದ ರಸ್ತೆಗಳು ತೆರೆಯುವ ದಿನ.

ಗ್ಲೇಸಿಯರ್‌ಗೆ ಜನ ಹೋಗುವುದೇ 80 ಕಿ.ಮೀ. ಉದ್ದದ ಗೋಯಿಂಗ್-ಟು-ದ-ಸನ್ ರಸ್ತೆಗಾಗಿ. ಅದರ ನೆತ್ತಿ ಲೋಗನ್ ಪಾಸ್ ಎಂಬ ಘಾಟಿ, 2,026 ಮೀಟರ್. ಅಲ್ಲಿನ ಹಿಮ ತೆಗೆದು ಪೂರ್ತಿ ರಸ್ತೆ ತೆರೆಯುವ ಹೊತ್ತಿಗೆ ಸಾಮಾನ್ಯವಾಗಿ ಜೂನ್ ಕೊನೆ ಅಥವಾ ಜುಲೈ ಆರಂಭ. ಮೇನಲ್ಲಿ ಹೋದರೆ ಅರ್ಧ ದಾರಿಯ ಗೇಟಿನಿಂದ ವಾಪಸ್.

ಯೊಸೆಮಿಟಿ ಜಲಪಾತಗಳಿಗೆ ಮೇ ಒಳ್ಳೆಯ ತಿಂಗಳೇ. ಆಗಸ್ಟ್ ಹೊತ್ತಿಗೆ 739 ಮೀಟರಿನ ಯೊಸೆಮಿಟಿ ಫಾಲ್ಸ್ ಒಣಗಿರುವುದೂ ಉಂಟು. ತೊಂದರೆ ದಾರಿಯದು. ಪೂರ್ವದಿಂದ ಒಳಗೆ ಬರುವ ಟಿಯೋಗ ಪಾಸ್ (3,031 ಮೀಟರ್) ಮೇ ಕೊನೆ ಅಥವಾ ಜೂನ್ ತನಕ ಮುಚ್ಚಿರುತ್ತದೆ. ಮ್ಯಾಪ್‌ನಲ್ಲಿ ನೇರ ಗೆರೆ ಕಂಡರೂ ಬೇಕರ್ಸ್‌ಫೀಲ್ಡ್ ಕಡೆಯಿಂದ ಬಳಸಿಕೊಂಡು ಬರಬೇಕು, ಇಡೀ ಒಂದು ದಿನ ರಸ್ತೆಯಲ್ಲೇ ಕಳೆಯುತ್ತದೆ. ಅದನ್ನು ಇನ್ನೊಮ್ಮೆ ಫ್ರೆಸ್ನೊಗೆ ವಿಮಾನದಲ್ಲಿ ಹೋಗಿ ನಾಲ್ಕು ದಿನ ನೋಡಿ.

ಬ್ಯಾಂಫ್ ಕೂಡ ಅಷ್ಟೇ. ಮೇನಲ್ಲಿ ಲೇಕ್ ಲೂಯಿಸ್ ಮೇಲೆ ಇನ್ನೂ ಮಂಜುಗಡ್ಡೆ ಇರುತ್ತದೆ, ಮೊರೇನ್ ಲೇಕ್ ರಸ್ತೆ ಜೂನ್‌ಗೆ ಮುಂಚೆ ತೆರೆಯುವುದಿಲ್ಲ. ತೆರೆದ ಮೇಲೂ 2023ರಿಂದ ಸ್ವಂತ ಕಾರಿಗೆ ಪ್ರವೇಶವಿಲ್ಲ, ಶಟಲ್ ಬಸ್ಸೇ ಗತಿ. ಅಪ್ಪ-ಅಮ್ಮನಿಗೆ ಕೆನಡಾದ ವೀಸಾ ಬೇರೆ ಬೇಕು.

ಉತ್ತರ 2

ಉಳಿದದ್ದಕ್ಕೆ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಯಿಂದ ಹೊರಟು ಅಲ್ಲಿಗೇ ಮರಳುವ ಸುತ್ತು ಹಾಕಿ. ಒಂದೂರಲ್ಲಿ ಬಾಡಿಗೆ ಕಾರು ತೆಗೆದು ಇನ್ನೊಂದೂರಲ್ಲಿ ಬಿಟ್ಟರೆ ಬೀಳುವ ಶುಲ್ಕ ಉಳಿಯುತ್ತದೆ. ದಕ್ಷಿಣ ಮೊದಲು, ಉತ್ತರ ಆಮೇಲೆ. ಮರುಭೂಮಿಯ ಬಿಸಿಲು ದಿನದಿನಕ್ಕೆ ಏರುತ್ತದೆ, ಯೆಲ್ಲೋಸ್ಟೋನ್ ಹಿಮ ದಿನದಿನಕ್ಕೆ ಇಳಿಯುತ್ತದೆ.

ಸಾಲ್ಟ್ ಲೇಕ್‌ನಿಂದ ಬ್ರೈಸ್ ಕ್ಯಾನ್ಯನ್ 4 ಗಂಟೆ, 2 ರಾತ್ರಿ. ಜಯಾನ್ 2 ಗಂಟೆ, 3 ರಾತ್ರಿ. ಗ್ರ್ಯಾಂಡ್ ಕ್ಯಾನ್ಯನ್ ಸೌತ್ ರಿಮ್ (ದಕ್ಷಿಣದ ಅಂಚು) ನಾಲ್ಕೂವರೆ ಗಂಟೆ, 2 ರಾತ್ರಿ. ಮಾನ್ಯುಮೆಂಟ್ ವ್ಯಾಲಿ ಮೇಲೆ ಹಾದು ಮೋಆಬ್ ಸುಮಾರು 6 ಗಂಟೆ, 3 ರಾತ್ರಿ (ಪಕ್ಕದ ಆರ್ಚಸ್, ಕ್ಯಾನ್ಯನ್‌ಲ್ಯಾಂಡ್ಸ್ ಉದ್ಯಾನಗಳೆರಡಕ್ಕೂ). ಸಾಲ್ಟ್ ಲೇಕ್‌ಗೆ ವಾಪಸ್ 4 ಗಂಟೆ, ಬಟ್ಟೆ ಒಗೆಯಲು ಒಂದು ರಾತ್ರಿ. ಯೆಲ್ಲೋಸ್ಟೋನ್‌ನ ಪಶ್ಚಿಮ ಬಾಗಿಲಿನ ಊರು ವೆಸ್ಟ್ ಯೆಲ್ಲೋಸ್ಟೋನ್ 5 ಗಂಟೆ, 4 ರಾತ್ರಿ. ಪಕ್ಕದ ಗ್ರ್ಯಾಂಡ್ ಟೀಟನ್ 2 ರಾತ್ರಿ, ಅಲ್ಲಿಂದ 5 ಗಂಟೆಯಲ್ಲಿ ಮತ್ತೆ ಸಾಲ್ಟ್ ಲೇಕ್. ಒಟ್ಟು 17 ರಾತ್ರಿ. ಮಿಕ್ಕ ಮೂರನ್ನು ತುಂಬಿಸಲು ಹೋಗಬೇಡಿ, ಮಳೆಗೋ ಸುಸ್ತಿಗೋ ಬೇಕಾಗುತ್ತವೆ.

ಗಂಟೆಗಳ ಲೆಕ್ಕ ಬರೀ ಚಕ್ರ ಉರುಳುವ ಹೊತ್ತು. ಊಟ, ಪೆಟ್ರೋಲು, ಫೋಟೋ ಸೇರಿಸಿ ಒಂದೂವರೆ ಪಟ್ಟು ಹಿಡಿಯಿರಿ.

ಮೇ ಕೊನೆಯ ಸೋಮವಾರ ಮೆಮೋರಿಯಲ್ ಡೇ, ದೇಶಕ್ಕೆಲ್ಲ ರಜೆ. ಶನಿವಾರ, ಭಾನುವಾರ ಸೇರಿ ಆ ಮೂರು ದಿನ ನೀವು ಎಲ್ಲಿರುತ್ತೀರೋ ಅಲ್ಲಿನ ಕೋಣೆಯನ್ನೇ ಮೊದಲು ಬುಕ್ ಮಾಡಿ. ಪಾರ್ಕ್ ಒಳಗಿನ ಲಾಡ್ಜ್‌ಗಳು ಒಂದು ವರ್ಷ ಮುಂಚೆಯೇ ತುಂಬುತ್ತವೆ, ಆದರೆ ಹಣ ವಾಪಸ್ ಸಿಗುವ ಗಡುವಿನ ಹಿಂದುಮುಂದೆ ತುಂಬಾ ಜನ ರದ್ದು ಮಾಡುತ್ತಾರೆ. ದಿನಾ ಬೆಳಿಗ್ಗೆ ಒಮ್ಮೆ ಸೈಟ್ ನೋಡುತ್ತಿದ್ದರೆ ಸಿಗುತ್ತದೆ.

ಉತ್ತರ 3

ದುಡ್ಡಿನ ವಿಷಯ ಯಾರೂ ಹೇಳಲಿಲ್ಲ. 2026ರ ಜನವರಿ 1ರಿಂದ ನಿಯಮ ಬದಲಾಗಿದೆ. ಇಲ್ಲಿನ ನಿವಾಸಿಗಳಿಗೆ ಪಾರ್ಕ್ ಪ್ರವೇಶದ ವಾರ್ಷಿಕ ಪಾಸ್ 80 ಡಾಲರ್, ಹೊರದೇಶದವರಿಗೆ 250. ಪಾಸ್ ಇಲ್ಲದ ಹೊರದೇಶದವರು 16 ತುಂಬಿದವರಾದರೆ 11 ಪಾರ್ಕ್‌ಗಳಲ್ಲಿ ಮಾಮೂಲಿ ಪ್ರವೇಶದ ಮೇಲೆ ತಲೆಗೆ 100 ಡಾಲರ್ ಹೆಚ್ಚಿಗೆ ಕೊಡಬೇಕು. ನಿಮ್ಮ ಸುತ್ತಿನಲ್ಲಿ ಬ್ರೈಸ್, ಜಯಾನ್, ಗ್ರ್ಯಾಂಡ್ ಕ್ಯಾನ್ಯನ್, ಯೆಲ್ಲೋಸ್ಟೋನ್, ಗ್ರ್ಯಾಂಡ್ ಟೀಟನ್ ಐದೂ ಆ ಪಟ್ಟಿಯಲ್ಲಿವೆ. ಇಬ್ಬರಿಗೆ ಬರೀ ಹೆಚ್ಚುವರಿಯೇ ಸಾವಿರ ಡಾಲರ್. ಅಪ್ಪ ಅಥವಾ ಅಮ್ಮನ ಹೆಸರಲ್ಲಿ 250ರ ಪಾಸ್ ತೆಗೆದರೆ ಸಾಕು, ಅದೇ ಕಾರಿನಲ್ಲಿರುವ ನಿಮ್ಮೆಲ್ಲರಿಗೂ ನಡೆಯುತ್ತದೆ. ಪಾಸ್ ಯಾರ ಹೆಸರಲ್ಲಿದೆಯೋ ಅವರು ಕಾರಲ್ಲಿರಬೇಕು, ಪಾಸ್‌ಪೋರ್ಟ್ ಕೈಗೆ ಸಿಗುವ ಹಾಗಿರಲಿ.

ಮಾನ್ಯುಮೆಂಟ್ ವ್ಯಾಲಿ ನವಾಹೊ ಎಂಬ ಮೂಲನಿವಾಸಿ ಜನರ ನೆಲ, ರಾಷ್ಟ್ರೀಯ ಉದ್ಯಾನವಲ್ಲ. ಈ ಪಾಸ್ ಅಲ್ಲಿ ನಡೆಯುವುದಿಲ್ಲ. ಒಳಗಿನ 17 ಮೈಲಿ ಸುತ್ತು ಕಚ್ಚಾ ರಸ್ತೆ, ಹೊಂಡಗಳಿವೆ. ಕಚ್ಚಾ ರಸ್ತೆಗಿಳಿಸಬಾರದೆಂದು ಬಾಡಿಗೆ ಕಾರಿನ ಒಪ್ಪಂದದಲ್ಲಿ ಇರುತ್ತದೆ, ಓದಿ ನೋಡಿ.

ಮರುಪ್ರಶ್ನೆ: ತುಂಬಾ ಉಪಕಾರ. ಗ್ಲೇಸಿಯರ್, ಬ್ಯಾಂಫ್, ಯೊಸೆಮಿಟಿ ಕೈಬಿಟ್ಟೆವು. ಅಮ್ಮ ಒಂದೆರಡು ಕಿ.ಮೀ. ಸಮತಟ್ಟಾದರೆ ನಡೆಯುತ್ತಾರೆ, ಮೆಟ್ಟಿಲು ಆಗದು. ಅವರಿಗೆ ಎಲ್ಲೆಲ್ಲಿ ಏನು ಸಿಗುತ್ತದೆ?

ಉತ್ತರ 4

ಬೇಕಾದಷ್ಟಿದೆ.

ಬ್ರೈಸ್‌ನಲ್ಲಿ ಮೊದಲು ಎಲ್ಲೂ ನಿಲ್ಲದೆ ಸೀದಾ ರಸ್ತೆಯ ಕೊನೆಗೆ, ರೇನ್‌ಬೋ ಪಾಯಿಂಟ್‌ಗೆ ಹೋಗಿ. ಮರಳುವಾಗ ನೋಟದ ಜಾಗಗಳೆಲ್ಲ ಬಲಗಡೆಗೇ ಬರುತ್ತವೆ, ಎದುರು ವಾಹನ ದಾಟಿ ತಿರುಗುವ ಕಷ್ಟವಿಲ್ಲ. ಸನ್‌ಸೆಟ್ ಪಾಯಿಂಟ್‌ನಿಂದ ಸನ್‌ರೈಸ್ ಪಾಯಿಂಟ್‌ವರೆಗೆ 800 ಮೀಟರ್, ನುಣುಪಾದ ದಾರಿ. ಕಲ್ಲುಕಂಬಗಳ ಕೆಂಪು ಬೆಳಗಿನ ಬಿಸಿಲಲ್ಲೇ ಚೆಂದ. ಎತ್ತರ 2,400 ಮೀಟರಿಗೂ ಮೇಲೆ, ಮೇನಲ್ಲೂ ಬೆಳಿಗ್ಗೆ ನೀರು ಹೆಪ್ಪುಗಟ್ಟುವ ಚಳಿ ಇರಬಹುದು. ಬಂದ ದಿನ ಉಸಿರು ಬೇಗ ಹತ್ತುತ್ತದೆ, ಅವತ್ತು ಬರೀ ಅಡ್ಡಾಡಿ.

ಜಯಾನ್ ಕಣಿವೆಯೊಳಗೆ ಆ ಕಾಲದಲ್ಲಿ ಕಾರು ಬಿಡುವುದಿಲ್ಲ, ಉಚಿತ ಶಟಲ್ ಇದೆ. ಕೊನೆಯ ನಿಲ್ದಾಣದಿಂದ ಹೊಳೆಯ ದಂಡೆಯಲ್ಲೇ ರಿವರ್‌ಸೈಡ್ ವಾಕ್, ಹೋಗಿ ಬರಲು ಮೂರೂವರೆ ಕಿ.ಮೀ.; ಅಮ್ಮ ಎಲ್ಲಿ ಬೇಕಾದರೂ ತಿರುಗಬಹುದು. ಅದರಾಚೆ ನೀರಲ್ಲೇ ನಡೆಯುವ ‘ನ್ಯಾರೋಸ್’ ನಿಮಗಿಬ್ಬರಿಗೆ ಆಸೆಯಿದ್ದರೂ ಮೇನಲ್ಲಿ ನೆಚ್ಚಿಕೊಳ್ಳಬೇಡಿ: ಹಿಮ ಕರಗಿ ಹರಿವು ಸೆಕೆಂಡಿಗೆ 150 ಘನ ಅಡಿ ಮೀರಿದರೆ ಮುಚ್ಚುತ್ತಾರೆ. ಕೊನೆಯ ಬಸ್ಸಿನ ಹೊತ್ತು ಬರೆದಿಟ್ಟುಕೊಳ್ಳಿ, ತಪ್ಪಿದರೆ 14 ಕಿ.ಮೀ. ತನಕ ನಡಿಗೆ.

ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿ ಅಂಚಿನ ಮೇಲೇ ಇರಿ. ಹರ್ಮಿಟ್ ರಸ್ತೆಯ ಶಟಲ್ ಹತ್ತಿ ಒಂದು ನಿಲ್ದಾಣದಲ್ಲಿ ಇಳಿದು, ನೋಡಿ, ಮುಂದಿನ ಬಸ್ಸು ಹತ್ತುವುದು. ಸಂಜೆಗೆ ಇದಕ್ಕಿಂತ ಒಳ್ಳೆಯ ಏರ್ಪಾಡಿಲ್ಲ. ನೀವಿಬ್ಬರು ಬ್ರೈಟ್ ಏಂಜೆಲ್ ದಾರಿಯಲ್ಲಿ ಇಳಿದರೆ ಲೆಕ್ಕ ನೆನಪಿರಲಿ: ಇಳಿಯಲು ಒಂದು ಗಂಟೆಯಾದರೆ ಹತ್ತಲು ಎರಡು. ಕೆಳಗೆ ಹೋದಷ್ಟೂ ಸೆಕೆ. ಒಂದೇ ದಿನದಲ್ಲಿ ನದಿ ಮುಟ್ಟಿ ಬರುವ ಹುಚ್ಚು ಬೇಡ. ನೀರಿನ ಜೊತೆ ಉಪ್ಪಿನ ತಿಂಡಿಯೂ ಇರಲಿ. ಬರೀ ನೀರು ಕುಡಿಯುತ್ತಾ ಹೋದರೆ ರಕ್ತದ ಸೋಡಿಯಂ ಇಳಿದು ತಲೆಸುತ್ತು, ವಾಂತಿ ಶುರುವಾಗುತ್ತದೆ.

ಆರ್ಚಸ್‌ನ ಡೆಲಿಕೇಟ್ ಆರ್ಚ್ ಎಂಬ ಕಲ್ಲಿನ ಕಮಾನಿಗೆ ಹೋಗಿ ಬರಲು 4.8 ಕಿ.ಮೀ., ನೆರಳಿಲ್ಲದ ಬಂಡೆ ಏರು, ಅಮ್ಮನಿಗೆ ಆಗದು. ಕೆಳಗಿನ ನೋಟದ ಜಾಗ ಪಾರ್ಕಿಂಗ್‌ನಿಂದ ನೂರು ಹೆಜ್ಜೆ, ಕಮಾನು ದೂರದಲ್ಲಿ ಕಾಣುತ್ತದೆ. ದುರ್ಬೀನು ಒಯ್ಯಿರಿ.

ಉತ್ತರ 5

ಯೆಲ್ಲೋಸ್ಟೋನ್ ಬಗ್ಗೆ ನಾನು ಸೇರಿಸುತ್ತೇನೆ. ಒಳಗಿನ ಮುಖ್ಯ ರಸ್ತೆ ಎಂಟರ ಆಕಾರ, 142 ಮೈಲಿ. ಇಡೀ ನಾಲ್ಕು ರಾತ್ರಿ ಒಂದೇ ಕಡೆ ಉಳಿಯಬೇಡಿ: ಎರಡು ಪಶ್ಚಿಮದಲ್ಲಿ, ಎರಡು ಪಾರ್ಕ್ ಒಳಗಿನ ಕ್ಯಾನ್ಯನ್ ವಿಲೇಜ್ ಅಥವಾ ಉತ್ತರ ಬಾಗಿಲಿನ ಗಾರ್ಡಿನರ್ ಊರಿನ ಕಡೆ. ಆ ಕ್ಯಾನ್ಯನ್ ವಿಲೇಜ್ ಮತ್ತು ಟವರ್ ಎಂಬ ಜಾಗದ ನಡುವಿನ ಡನ್‌ರೇವನ್ ಪಾಸ್ ಘಾಟಿ ಮೇ ಕೊನೆಗೆ ತೆರೆಯುತ್ತದೆ, ಅದಕ್ಕೇ ಉತ್ತರವನ್ನು ಕೊನೆಗಿಡಿ ಎಂದದ್ದು ಸರಿ.

ಓಲ್ಡ್ ಫೇತ್‌ಫುಲ್ ಎಂಬ ಬಿಸಿನೀರಿನ ಬುಗ್ಗೆ ಸುಮಾರು 90 ನಿಮಿಷಕ್ಕೊಮ್ಮೆ ಚಿಮ್ಮುತ್ತದೆ. ಮುಂದಿನ ಹೊತ್ತನ್ನು ಹತ್ತು ನಿಮಿಷ ಆಚೀಚೆಯಲ್ಲಿ ಬೋರ್ಡಿನ ಮೇಲೆ ಹಾಕಿರುತ್ತಾರೆ, ಸುತ್ತ ಬೆಂಚುಗಳಿವೆ. (ಬಚ್ಚಲ ಗೀಸರ್‌ಗೆ ಹೆಸರು ಬಂದದ್ದು ಇಂಥ ಬುಗ್ಗೆಯಿಂದಲೇ.) ಬಣ್ಣಬಣ್ಣದ ಬಿಸಿನೀರಿನ ಕೊಳ ಗ್ರ್ಯಾಂಡ್ ಪ್ರಿಸ್ಮ್ಯಾಟಿಕ್‌ಗೆ ಮಾತ್ರ ಬೆಳಿಗ್ಗೆ ಹೋಗಬೇಡಿ. ಚಳಿಗೆ ಆವಿ ದಟ್ಟವಾಗಿ ಬಣ್ಣವೇ ಕಾಣದು. ಬಿಸಿಲೇರಿದ ಮೇಲೆ ಹೋಗಿ. ಮೇಲಿನಿಂದ ನೋಡುವ ಫೇರಿ ಫಾಲ್ಸ್ ದಾರಿ ಮೇ ಕೊನೆಯವರೆಗೆ ಕರಡಿಗಳಿಗಾಗಿ ಮುಚ್ಚಿರುತ್ತದೆ.

ಹಲಗೆ ದಾರಿ ಬಿಟ್ಟು ಕಾಲಿಡಬೇಡಿ. ಟೋಪಿ ಹಾರಿಹೋದರೂ ಬಿಡಿ. ಮೇಲೆ ಗಟ್ಟಿಯಾಗಿ ಕಾಣುವುದು ತೆಳ್ಳಗಿನ ಪದರ, ಕೆಳಗೆ ಕುದಿನೀರು. ಈವರೆಗೆ 20ಕ್ಕೂ ಹೆಚ್ಚು ಮಂದಿ ಸತ್ತಿದ್ದಾರೆ. ಬೈಸನ್ (ಕಾಡುಕೋಣದಂಥ ಪ್ರಾಣಿ), ಎಲ್ಕ್ (ದೊಡ್ಡ ಜಿಂಕೆ) ಇವುಗಳಿಂದ 23 ಮೀಟರ್, ಕರಡಿ, ತೋಳಗಳಿಂದ 91 ಮೀಟರ್ ದೂರ ಕಡ್ಡಾಯ. ಮೇನಲ್ಲಿ ಬೈಸನ್‌ಗಳಿಗೆ ಎಳೆಗರುಗಳಿರುತ್ತವೆ, ಸಿಟ್ಟು ಬೇಗ. ರಸ್ತೆಗೆ ಅಡ್ಡ ನಿಂತರೆ ಹಾರ್ನ್ ಹೊಡೆಯದೆ ಕಾರಲ್ಲೇ ಕಾಯಿರಿ. ಕರಡಿ ಮೈಮೇಲೆ ಬಂದರೆ ಎರಚುವ ಖಾರದ ಬೇರ್ ಸ್ಪ್ರೇ ವಿಮಾನದಲ್ಲಿ ಒಯ್ಯಲು ಬಿಡುವುದಿಲ್ಲ, ಅಲ್ಲೇ ಕೊಳ್ಳಿ. ಸುಮಾರು 9 ಮೀಟರ್ ಹಾರುತ್ತದೆ, ಬ್ಯಾಗಿನೊಳಗಲ್ಲ, ಸೊಂಟದಲ್ಲಿರಲಿ.

ಉತ್ತರ 2 (ಮತ್ತೆ)

ಎರಡು ಮಾತು ಬಿಟ್ಟುಹೋಗಿತ್ತು. ಬಹಳ ಕಡೆ ಫೋನ್ ಸಿಗ್ನಲ್ ಇರುವುದಿಲ್ಲ, ಮ್ಯಾಪ್ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಟ್ಯಾಂಕ್ ಅರ್ಧಕ್ಕಿಳಿದರೆ ತುಂಬಿಸಿ. ಬ್ರೈಸ್, ಜಯಾನ್, ಆರ್ಚಸ್ ಒಳಗೆ ಬಂಕ್ ಇಲ್ಲ.

ಇನ್ನೊಂದು, ಗಡಿಯಾರ. ಬೇಸಿಗೆಯಲ್ಲಿ ಯೂಟಾ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತದೆ, ಅರಿಜೋನಾ ತಿರುಗಿಸುವುದಿಲ್ಲ, ಆದರೆ ಅರಿಜೋನಾದೊಳಗಿನ ನವಾಹೊ ನಾಡು ತಿರುಗಿಸುತ್ತದೆ. ಅರಿಜೋನಾದ ಗ್ರ್ಯಾಂಡ್ ಕ್ಯಾನ್ಯನ್‌ನಿಂದ ಯೂಟಾದ ಮೋಆಬ್‌ಗೆ ಹೊರಟ ದಿನ ಫೋನಿನ ಗಂಟೆ ಹಿಂದೆಮುಂದೆ ಜಿಗಿಯುತ್ತದೆ. ಮೊದಲೇ ಕಾಯ್ದಿರಿಸಿದ ಟೂರ್ ಇದ್ದರೆ ಅವರ ಗಂಟೆ ಯಾವುದೆಂದು ಕೇಳಿಟ್ಟುಕೊಳ್ಳಿ.