ಮಿದುಳಿಲ್ಲದ ಗಾಡಿಗೆ ಸ್ಕ್ಯಾನಿಂಗ್

“ಕಾಕಾ, ಎಲ್ಲೈತ್ರೀ ಅದು?”

“ಯಾವುದಲೇ?”

“ಪೋರ್ಟ್ ರೀ. ಸ್ಕ್ಯಾನರ್ ಹಚ್ಚೂದು.”

ಸಂಜುನ ಎರಡು ಕಾಲು ಅಷ್ಟಽ ಹೊರಗಿದ್ದವು. ಉಳಿದ ಸಂಜು ಬಸಣ್ಣನ ಡೀಸೆಲ್ ಅಂಬಾಸಿಡರಿನ ಸ್ಟೀರಿಂಗ್ ಕೆಳಗ ಮೊಬೈಲ್ ಲೈಟ್ ಹಚ್ಚಿಕೊಂಡು ಹುಡುಕಾಡಾಕತ್ತಿದ್ದ. ಟಿಳಕವಾಡಿ ಮೂರನೇ ಗೇಟಿನ ಕಡೆ ಪರಶುನ ಚಾದಂಗಡಿ. ಬೆಳಗಾವಿಯ ಜುಲೈ ಮಳಿ, ಸರಿಯಾಗಿ ಬೀಳಾಕೂ ಒಲ್ಲದು, ನಿಲ್ಲಾಕೂ ಒಲ್ಲದು. ಮುಂಜಾನಿಂದ ಗಾಡಿ ಬಿಳಿ ಹೊಗಿ ಬಿಟ್ಟು ಮಿಸ್ಸಿಂಗ್ ಹೊಡ್ಯಾಕತ್ತಿತ್ತು. ಬಸಣ್ಣ ಮಿಸ್ತ್ರಿ ಚಾಚಾಗ ಫೋನ್ ಮಾಡಿ ಕುಂತಿದ್ದ. ಅಷ್ಟರಾಗ ಸಂಜು ಬಂದ, ಕಿಸೆದಾಗ ಸ್ಕ್ಯಾನರ್ ಇಟಗೊಂಡು.

ಆ ಸ್ಕ್ಯಾನರ್ ಆನ್‌ಲೈನ್‌ನ್ಯಾಗ ತರಿಸಿದ್ದು. ಗಾಡಿಗೆ ಚುಚ್ಚಿದ್ರ ಬ್ಲೂಟೂತಿಂದ ಮೊಬೈಲಿಗೆ ಎಲ್ಲಾ ಖಬರು ಬರತೈತಿ. ಅದು ಬಂದಾಗಿಂದ ಸಂಜು ಓಣ್ಯಾಗಿನ ಒಂದು ಗಾಡೀನೂ ಬಿಟ್ಟಿಲ್ಲ. ಲಗ್ನಪತ್ರಿಕಿ ಕೊಡಾಕ ಬಂದ ಬೀಗರ ಗಾಡಿಗೂ ಚುಚ್ಚಿ, “ಅಂಕಲ್, ನಿಮ್ಮದ್ರಾಗ ಮೂರು ಎರರ್ ಅದಾವ್ರಿ” ಅಂದ. ಅವರು ಚಾ ಸೈತ ಕುಡೀಲಿಲ್ಲ, ಹೋಗಿಬಿಟ್ರು.

“ಇದಕ್ಕ ಅದು ಇಲ್ಲಪಾ” ಅಂದ ಬಸಣ್ಣ.

“ಇಲ್ಲಂದ್ರ? ಇಸಿಯುನರ ಎಲ್ಲೈತಿ ತೋರಸ್ರಿ.”

“ಹಂಗಂದ್ರ?”

“ಗಾಡಿ ಮಿದುಳು ರೀ. ಡೀಸೆಲ್ ಎಷ್ಟು ಬಿಡಬೇಕು, ಯಾವಾಗ ಬಿಡಬೇಕು, ಎಲ್ಲಾ ಅದಽ ಹೇಳತೈತಿ.”

“ಇದಕ್ಕ ಮಿದುಳಿಲ್ಲ.”

ಸಂಜು ಹೊರಗ ಬಂದ. ಕೂದಲಿಗೆ ಜೇಡರ ಬಲಿ ಹತ್ತಿತ್ತು. “ಮಿದುಳಿಲ್ಲದಽ ಇಷ್ಟು ವರ್ಷ ಹೆಂಗ ನಡೀತ್ರೀ?”

“ಇಲ್ಲಂತಽ ನಡದೈತಿ. ಇದ್ದಿದ್ರ ಯಾವಾಗೋ ನನ್ನ ಬಿಟ್ಟು ಹೋಗತಿತ್ತು.”

ಕುಲಕರ್ಣಿಯವರು ಚಾ ಬಶಿಗೆ ಹಾಕ್ಕೋತ, “ಖರೇ ಅದನೋ ಸಂಜು, ಚಾಲೂ ಆದ ಮ್ಯಾಲೆ ಹಳೇ ಡೀಸೆಲ್ಲಿಗೆ ಕರೆಂಟಽ ಬೇಕಾಗೂದಿಲ್ಲ” ಅಂದ್ರು. ಬಸಣ್ಣನಿಗೆ ಇಷ್ಟು ಸಾಕಾತು. ಒಳಗಿನ ಹವಾ 20 ಪಟ್ಟಿಗಿಂತ ಹೆಚ್ಚು ಒತ್ತಿದ್ರ ಅದು ತಾನಽ ಕೆಂಪಗ ಕಾಯತೈತಿ, ಅದರಾಗ ಡೀಸೆಲ್ ಸಿಡಿಸಿದ್ರ ಹತ್ತತೈತಿ, ಸ್ಪಾರ್ಕ್ ಪ್ಲಗ್ ಬ್ಯಾಡ, ಪಂಪ್ ತಿರಗಸೂದೂ ಎಂಜಿನ್ನಽ, ಒಮ್ಮೆ ಚಾಲೂ ಆತಂದ್ರ ಬ್ಯಾಟರಿ ಬಿಚ್ಚಿ ಮನಿಗೆ ಕಳಿಸಿದ್ರೂ ಓಡತೈತಿ ಅಂತ ಒಂದಽ ಉಸಿರಿನ್ಯಾಗ ಹೇಳಿಬಿಟ್ಟ.

ಸಂಜು ನಂಬಲಿಲ್ಲ. ಅಂವ ನಂಬೂದು ಮೊಬೈಲಿನ್ಯಾಗ ಬಂದ್ರ ಅಷ್ಟಽ. “ನಾ ಒಮ್ಮೆ ಚಾಲೂ ಮಾಡ್ಲೇನ್ರೀ?”

“ಮಾಡು. ಮೊದಲ ಎಂಜಿನ್ ಒಳಗಿನ ಹೀಟರ್ ಕಾಯಲಿ. ಗಡಬಡ ಮಾಡಬ್ಯಾಡ.”

ಸಂಜು ಕೀಲಿ ತಿರುವಿ ಹಿಡದ, ಬಿಟ್ಟ, ಮತ್ತ ತಿರುವಿದ. ಎಂಜಿನ್ ಎರಡು ಸಲ ಕೆಮ್ಮಿ ಗಡಗಡ ಅಂತ ಎದ್ದಿತು. ಬಿಳಿ ಹೊಗಿ ನೆಟ್ಟಗ ಅಂಗಡಿಯೊಳಗ ಹೋತು. ಒಳಗಿಂದ ಪರಶು ಏನೋ ಅಂದ, ಅದನ್ನಿಲ್ಲಿ ಬರ್ಯಾಕ ಬರೂದಿಲ್ಲ. ಸಂಜು ಗಾಬರ್‍ಯಾಗಿ ಕೀಲಿ ಬಂದ್ ಮಾಡಿದ. ಎಂಜಿನ್ ನಡದಽ ಇತ್ತು. ಕೀಲಿ ಹೊರಗಽ ತಗದ. ಆಗೂ ನಡದಽ ಇತ್ತು.

“ಕಾಕಾ! ಕೀಲಿ ನನ್ನ ಕೈಯಾಗೈತ್ರೀ! ನಿಲ್ಲವಲ್ದು!”

ಬಸಣ್ಣ ಚಾ ಮುಗಿಸಿದ. ಬಶಿ ಇಟ್ಟ. ಹೆಗಲಮ್ಯಾಲಿನ ಟವೆಲ್ಲಿನಿಂದ ಮೀಸಿ ಒರಸಿಕೊಂಡ. “ಸ್ಟೀರಿಂಗ್ ಬಾಜೂಕ ಒಂದು ಗುಂಡಿ ಐತಿ ನೋಡು. ಅದನ್ನ ಜಗ್ಗು.” ಸಂಜು ಎರಡೂ ಕೈಲೆ ಜಗ್ಗಿದ. ಎಂಜಿನ್ ಒಮ್ಮೆ ಮೈ ಝಾಡಿಸಿ ನಿಂತಿತು, ಬಾಗಿಲ ಗಾಜು ಇನ್ನಾ ಸ್ವಲ್ಪ ಹೊತ್ತು ಗದಗದ ಅಂದು ಸುಮ್ಮನಾದವು.

“ಕೀಲಿ ಚಾಲೂ ಮಾಡಾಕ. ನಿಲ್ಲಸಾಕ ಡೀಸೆಲ್ಲಿನ ದಾರಿ ಕಟ್ಟಬೇಕು. ಇದನ್ನ ನಿನ್ನ ಸ್ಕ್ಯಾನರ್ ಹೇಳೂದಿಲ್ಲ.”

ಅಷ್ಟರಾಗ ಸಂಜುನ ಕೈಗಡಿಯಾರ ಗುರ್ ಅಂತು. ಕುಂತವ ಎದ್ದು ನಿಂತ.

“ಯಾಕೋ?”

“ಬಾಳೊತ್ತು ಕುಂತೀನಂತ್ರಿ, ಏಳಂತ.”

“ಶಾಬಾಸ್! ಗಡಿಯಾರ ಹೇಳಿದ್ರ ಏಳ್ತಿ. ಆಗ ಕುಲಕರ್ಣಿಯವರು ಬಂದಾಗ ಎದ್ದಿದ್ದೇನು?”

ಇಲ್ಲಿಂದ ಬಸಣ್ಣ ಗಾಡಿ ಬಿಟ್ಟು ಮನಷ್ಯಾರ ಮ್ಯಾಲೆ ಬಂದ. “ಎಲ್ಲಾದಕ್ಕೂ ಚುಚ್ಚಿ ನೋಡೂದು ಒಂದು ಚಟಾ ಆಗೇತ್ರಿ ಈಗಿನವರಿಗೆ. ರಾತ್ರಿ ನಿದ್ದಿ ಛಲೋ ಹತ್ತಿತ್ತೇನೋ ಅಂದ್ರ, ‘ತಡೀರಿ, ನೋಡಿ ಹೇಳ್ತೇನಿ’ ಅಂತಾನ ನಮ್ಮ ಅಳಿಯ. ನಿದ್ದಿ ಮಾಡಿದಾಂವ ಯಾರು, ಗಡಿಯಾರನೋ ಇವನೋ? ಹೋದ ಆಯಿತವಾರ ಮುಂಜಾನೆ ನಕ್ಕೋತ ಎದ್ದು ಬಂದ. ಮೊಬೈಲ್ ನೋಡಿ, ನಿದ್ದಿ ಆಗಿಲ್ಲಂತ ಗೊತ್ತಾಗಿ, ಸಂಜಿತನಕ ಮೋತಿ ಸಣ್ಣ ಮಾಡಿಕೊಂಡು ಕುಂತ.” ಇದು ಬಸಣ್ಣನ ಮಾತು. ನಾ ಬರೇ ಬರಕೊಂಡೇನಿ. ಆದ್ರ ಆ ಗಡಿಯಾರ ನಮ್ಮ ಮನ್ಯಾಗೂ ಒಂದೈತಿ, ಹಿಂಗಾಗಿ ನಾ ಅಂವನ ಕಡೆ.

“ಅದೆಲ್ಲಾ ಇರಲಿ ಬಸಣ್ಣಾವ್ರ” ಅಂತ ಪರಶು ಕಣ್ಣೊರಸಿಕೋತ ಹೊರಗ ಬಂದ, “ಆವರೇಜ್ ಎಷ್ಟು ಕೊಡತೈತಿ?”

ಬಸಣ್ಣನ ಮುಂದ ಈ ಪ್ರಶ್ನಿ ಕೇಳಬಾರದು.

“ಪರಶು, ಡೀಸೆಲ್ ಅಂಬೋದು ಒಬ್ಬ ಮನಷ್ಯಾನ ಅಡ್ಡಹೆಸರು. ರುಡಾಲ್ಫ್ ಡೀಸೆಲ್. 1897ರಾಗ ತನ್ನ ಎಂಜಿನ್ ಓಡಿಸಿ ತೋರಿಸಿದಾಂವ. 1913ರ ಸೆಪ್ಟೆಂಬರ್ 29ಕ್ಕ ಇಂಗ್ಲೆಂಡಿಗೆ ಹೊಂಟ ಹಡಗಿನ್ಯಾಗ ರಾತ್ರಿ ಊಟಾ ಮಾಡಿ ತನ್ನ ಖೋಲಿಗೆ ಹೋದ. ಮುಂಜಾನೆ ನೋಡಿದ್ರ ಇಲ್ಲ. ಮುಂದ ಹೆಣಾ ಸಮುದ್ರದಾಗ ಸಿಕ್ಕಿತು. ತಾನಽ ಜಿಗದನೋ, ಯಾರರ ದಬ್ಬಿದ್ರೋ, ಇವತ್ತಿಗೂ ಜಗಳ ನಡದೈತಿ. ನನಗ ಗೊತ್ತೈತಿ. ಊಟಕ್ಕ ಕುಂತಾಗ ಯಾರೋ ಒಬ್ಬಾಂವ ‘ಸಾಹೇಬ್ರ, ಆವರೇಜ್ ಎಷ್ಟು ಕೊಡತೈತ್ರಿ’ ಅಂತ ಕೇಳ್ಯಾನ.”

ಕುಲಕರ್ಣಿಯವರಿಗೆ ಚಾ ನೆತ್ತಿಗೆ ಏರಿತು. ಕೆಮ್ಮು ನಿಂತ ಮ್ಯಾಲೆ ಅವರೂ ಒಂದು ಕೂಡಿಸಿದ್ರು: “1900ರ ಪ್ಯಾರಿಸ್ ಪ್ರದರ್ಶನದಾಗ ಇದಽ ಎಂಜಿನ್ ಶೇಂಗಾ ಎಣ್ಣಿ ಹಾಕಿ ಓಡಿಸಿದ್ರಂತ.”

“ಶೇಂಗಾ ಎಣ್ಣೀನಾ?” ಪರಶು ಮೆಣಸಿನಕಾಯಿ ಭಜಿ ಕರಿಯೂ ಬುಟ್ಟಿ ಕಡೆ ನೋಡಿದ. “ಹಂಗಾರ ಉಳಿದದ್ದು ನಿಮ್ಮ ಗಾಡಿಗೆ ಹಾಕೂಣೇನ್ರಿ?”

“ನೀ ಭಜಿಗೆ ಶೇಂಗಾ ಎಣ್ಣಿ ಹಾಕ್ತಿ ಅಂತ ನನ್ನ ಗಾಡಿ ನಂಬಿದ್ರೂ ನಾ ನಂಬೂದಿಲ್ಲ. ಈಗಿನ ಶೇಂಗಾ ಎಣ್ಣಿ ರೇಟಿಗೆ ಡೀಸೆಲ್ಲಽ ಸೋವಿ. ನಿನ್ನ ಸ್ಕೂಟರಿಗೆ ಏನ ಹಾಕಸ್ತಿ, ಪೆಟ್ರೋಲಲ್ಲ? ಅದರಾಗ ಈಗ 20 ಪರ್ಸೆಂಟ್ ಇಥೆನಾಲ್ ಐತಿ. ನಮ್ಮ ಜಿಲ್ಲಾದ ಕಬ್ಬಿಂದೂ ಇರತೈತಿ ಅದರಾಗ. ಅಂದ್ರ ನಿನ್ನ ಗಾಡಿ ದಿನಾ ಕುಡದಽ ಮನಿ ಬಿಡತೈತಿ. ನಂದು ಇಷ್ಟು ವಯಸ್ಸಾದ್ರೂ ಒಂದು ತೊಟ್ಟು ಮುಟ್ಟಿಲ್ಲ. ಬೀಡಿ ಒಂದಽ ಚಟಾ.”

“ಆ ಬೀಡೀನಽ ತ್ರಾಸು ಅದರಿ ಬಸಣ್ಣಾ” ಅಂದ್ರು ಕುಲಕರ್ಣಿಯವರು. “ದಿಲ್ಲ್ಯಾಗ 10 ವರ್ಷದ ಮ್ಯಾಲಿನ ಡೀಸೆಲ್ ಗಾಡಿ ಓಡಸಬಾರದಂತ ಹಸಿರು ನ್ಯಾಯಮಂಡಳಿ 2015ರಾಗಽ ಹೇಳೇದ. 2018ರಾಗ ಸುಪ್ರೀಂ ಕೋರ್ಟೂ ಹೌದಂತು.”

“ಅಲ್ಲೀ ಗಾಡಿ ಅಗ್ಗದಾಗ ಇಲ್ಲಿಗೆ ಬರಾಕತ್ತಾವು, ಅದನ್ನ ಯಾರು ಹೇಳವಲ್ಲರು. ಹೊಗಿ ಕೆಟ್ಟದ್ದು, ನಾ ಇಲ್ಲನ್ನೂದಿಲ್ಲ. ಆದ್ರ ಈ ಗಾಡಿಗುಳು ನಮ್ಮ ಕೊಳ್ಳಿಗೆ ಹೆಂಗ ಬಿದ್ದುವು? 2012ರಾಗ ಪೆಟ್ರೋಲಿಗೂ ಡೀಸೆಲ್ಲಿಗೂ ಲೀಟರಿಗೆ 30 ರೂಪಾಯಿ ತನಕ ಫರಕ ಇತ್ತು. ಪೆಟ್ರೋಲ್ ಗಾಡಿ ತಗೊಂಡಾಂವಗ ಹೆಣ್ಣು ಕೊಡತಿರಲಿಲ್ಲ. 2014ರ ಅಕ್ಟೋಬರಿನ್ಯಾಗ ಸರ್ಕಾರ ಡೀಸೆಲ್ ರೇಟಿನ ಕೈ ಬಿಟ್ತು. 2020ರ ಏಪ್ರಿಲ್‌ದಾಗ ಬಿಎಸ್ 6 ಅನ್ನೂ ಹೊಗಿ ನಿಯಮ ಬಂತು, ಮಾರುತಿಯವರು ಡೀಸೆಲ್ಲಽ ಬಿಟ್ರು. ಆಗ ಡೀಸೆಲ್ ಗಾಡಿ ತಗೊಳ್ಳಲಾರದಾಂವ ಹುಚ್ಚ, ಈಗ ಇಟಗೊಂಡಾಂವ ಹುಚ್ಚ. ಗಾಡಿ ಮಾತ್ರ ಅದಽ ಐತಿ.”

“ನಿಮ್ಮದು 20 ವರ್ಷ ದಾಟೇತಲ್ರಿ ಕಾಕಾ? ಅಂಥವಕ್ಕ ರಿನ್ಯೂ ಫೀ ಈಗ 10,000 ಮಾಡ್ಯಾರ” ಅಂದ ಸಂಜು.

“ಗೊತ್ತೈತಿ. ಗಾಡಿ ಒಯ್ದು ಆರ್‌ಟಿಒ ಬಾಗಿಲಿಗೆ ನಿಲ್ಲಿಸಿ, ಫೀ ಬದಲಿ ಇದನ್ನಽ ಇಟಗೋರಿ ಅನ್ನಬೇಕಂದೇನಿ. ಚಿಲ್ಲರ ಅವರಽ ಕೊಡಬೇಕಾಗಬಹುದು.”

ಮಿಸ್ತ್ರಿ ಚಾಚಾ ಬಂದ. ಸೈಕಲ್ ಗ್ವಾಡಿಗೆ ಹಚ್ಚಿದ, ಚೀಲದಾಗಿಂದ ಒಂದು ಪಾನಾ ತಗದ, ಯಾರ ಕಡೆನೂ ನೋಡಲಿಲ್ಲ. ಗಾಡಿ ಚಾಲೂ ಮಾಡಿಸಿ ಬಾನಟ್ ಎತ್ತಿದ. ಮೊದಲೆಲ್ಲಾ ಉದ್ದನ್ನ ಸ್ಕ್ರೂಡ್ರೈವರಿನ ತುದಿ ಎಂಜಿನ್ನಿಗೆ ಇಟ್ಟು, ಕಟಗಿ ಹಿಡಿಕಿ ಕಿವಿಗೆ ಹಚ್ಚಿ ಕೇಳತಿದ್ದ. ಜೀವಮಾನ ಎಲ್ಲಾ ಡೀಸೆಲ್ ಕೇಳಿ ಕೇಳಿ ಈಗ ಕಿವಿ ಮಂದ ಆಗ್ಯಾವು. ಹಿಂಗಾಗಿ ಡೀಸೆಲ್ ಸಿಡಿಸೂ ನಾಜಲ್ಲಿಗೆ ಹೋಗೂ ನಾಲ್ಕು ಸಣ್ಣ ಪೈಪು ಎರಡು ಬೆರಳಿನ್ಯಾಗ ಹಿಡದ, ಒಂದಾದ ಮ್ಯಾಲೆ ಒಂದು, ವೈದ್ಯ ನಾಡಿ ಹಿಡದಂಗ. ಮೂರನೇದಕ್ಕ ಬಂದಾಗ ಸ್ವಲ್ಪ ಹೊತ್ತು ಬಿಡಲಿಲ್ಲ.

“ಏನ ಮಾಡಾಕತ್ತಾರ್ರೀ?” ಅಂದ ಸಂಜು, ಸಣ್ಣ ದನಿಯಾಗ.

“ಸ್ಕ್ಯಾನಿಂಗ್” ಅಂದ ಬಸಣ್ಣ.

ಚಾಚಾ ಆಮ್ಯಾಲೆ ಒಂದೊಂದು ಪೈಪಿನ ನಟ್ ಸಡಲ ಮಾಡಿ, ಮತ್ತ ಬಿಗಿ ಮಾಡಕೋತ ಹೋದ. ಒಂದನೇದು ಸಡಲಿಸಿದ, ಎಂಜಿನ್ ನಡುಗಿತು. ಎರಡನೇದು, ಮತ್ತ ನಡುಗಿತು. ಮೂರನೇದು ಸಡಲಿಸಿದ, ಎಂಜಿನ್ನಿಗೆ ಏನೂ ಅನಿಸಲಿಲ್ಲ. ಹೆಂಗ ನಡದಿತ್ತೋ ಹಂಗಽ ನಡದಿತ್ತು.

“ಇದಽ” ಅಂದ ಚಾಚಾ. “ನಾಜಲ್ ಹೋಗೈತಿ. ಹಿಟ್ಟಿನಂಗ ಸಿಡೀಬೇಕು, ತೊಟಕಾಕತ್ತೈತಿ.”

“ಹೆಂಗ ಗೊತ್ತಾತ್ರೀ?”

ಬಸಣ್ಣ ಹೇಳಿದ: “ಒಂದೊಂದು ಬಂದ್ ಮಾಡಿ ನೋಡೂದು. ಯಾವದನ್ನ ಬಂದ್ ಮಾಡಿದ್ರೂ ಫರಕ ಬೀಳೂದಿಲ್ಲೋ, ಅದು ಕೆಲಸಾ ಮಾಡವಲ್ದು.”

ಕುಲಕರ್ಣಿಯವರು ತೊಡಿ ಬಡಕೊಂಡು ನಕ್ಕರು. “ಆಹಾ! ಇದನ್ನ ನಮ್ಮ ಆಫೀಸಿನಾಗ ಮಾಡಬೇಕಿತ್ತು ನೋಡ್ರಿ. ಒಬ್ಬೊಬ್ಬರನ್ನ ಮನೀಗೆ ಕಳಿಸಿ...”

“ನಿಮ್ಮನ್ನ ಕಳಿಸಿದ್ರಲ್ರಿ, ರಿಟೈರ್ ಆದಾಗ. ಏನರ ಫರಕ ಬಿತ್ತೇನು?”

ಎಲ್ಲಾರೂ ನಕ್ಕರು. ಪರಶು ಒಳಗಿಂದಽ ನಕ್ಕ. ಕುಲಕರ್ಣಿಯವರೂ ನಕ್ಕರು, ಆದ್ರ ಎಲ್ಲಾರಕಿಂತ ಲಗೂ ಮುಗಿಸಿದ್ರು. ಖಾಲಿ ಬಶಿ ಎತ್ತಿ ನೋಡಿ, “ಇಲ್ಲರಿ, ಬೀಳಲಿಲ್ಲ” ಅಂದ್ರು. “ಮೊದಲನೇ ತಿಂಗಳು ಎರಡು ಸಲ ಫೋನ್ ಬಂತು, ಫೈಲ್ ಎಲ್ಲದ ಅಂತ. ಆಮ್ಯಾಲೆ ಅದೂ ಬರಲಿಲ್ಲ.”

ಬಸಣ್ಣ ಸುಮ್ಮನಾದ. ಆಡಿದ ಮಾತಿಗೆ ಹಿಂದಿನ ಗೇರ್ ಇಲ್ಲ. ಚಾಚಾಗ ಮಾತ್ರ ಏನೂ ಕೇಳಿಸಿರಲಿಲ್ಲ, ತನ್ನ ಪಾಡಿಗೆ ತಾ ಮಾತಾಡಾಕತ್ತಿದ್ದ. ಪಂಪ್ ಕ್ಯಾಲಿಬ್ರೇಷನ್ ಮಾಡಾಂವ ಅಂಗಡಿ ಮುಚ್ಚಿ ಊರಿಗೆ ಹೋದ. ತನ್ನ ಮಗಾ ಪುಣೇದಾಗ ಕಂಪ್ಯೂಟರ್ ಮುಂದ ಕುಂದರತಾನ, ಕೈಗೆ ಎಣ್ಣಿ ಹತ್ತಿದ್ರ ಮೂರು ಸಲ ತೊಳಕೋತಾನ. ಕಾರಖಾನಿ ಇರೂ ಉದ್ಯಮಬಾಗಿನ್ಯಾಗ ಇನ್ನಾ ಏನು ಬೇಕಾದ್ರೂ ಲೇಥಿಗೆ ಹಚ್ಚಿ ತಿರುವಿ ಕೊಡತಾರ, ಆದ್ರ ತಿರುವರಿ ಅಂತ ಕೇಳಾಕ ಗಿರಾಕಿನಽ ಇಲ್ಲ. ನಾಜಲ್ ಬಿಚ್ಚಿ, ಅರಬೀದಾಗ ಸುತ್ತಿ, ಸಂಜಿಕೆ ತರತೇನಿ ಅಂತ ಸೈಕಲ್ ಹತ್ತಿದ.

ಸಂಜು ಅಂವ ಹೋಗೂದನ್ನ ನೋಡಿದ. “ಕಾಕಾ, ನನ್ನ ಗಾಡಿನೂ ಒಮ್ಮೆ ಚಾಚಾಗ ತೋರಿಸಬಹುದೇನ್ರೀ?”

“ನಿನ್ನದಕ್ಕೇನಾಗೈತಿ? ಮಿದುಳಿದ್ದ ಗಾಡಿ.”

“ಒಂದು ವಾರ ಆತ್ರಿ, ಲೈಟ್ ಹತ್ತೈತಿ. ಸ್ಕ್ಯಾನ್ ಮಾಡಿದೆ. ಡಿಪಿಎಫ್ ಅಂತ. ಹೊಗಿ ಸೋಸೂ ಜಾಳಗಿ ರೀ, ಕಾಡಗಿ ತುಂಬೈತಿ. ಟಿಳಕವಾಡಿಂದ ಕ್ಯಾಂಪಿಗೆ, ಕ್ಯಾಂಪಿಂದ ಟಿಳಕವಾಡಿಗೆ ಅಷ್ಟಽ ಓಡಿಸಿದ್ರ ಅದು ಕಾಯೂದಽ ಇಲ್ಲ. 600 ಡಿಗ್ರಿ ಹತ್ರ ಕಾದ್ರ ಕಾಡಗಿ ತಾನಽ ಸುಟ್ಟು ಹೋಗತೈತಿ.”

“ಹಂಗಾರ ಏನ ಮಾಡಬೇಕಂತ?”

“ಹೈವೇಕ್ಕ ಒಯ್ದು ನಿಲ್ಲಸದಽ ಜೋರಾಗಿ ಓಡಸಬೇಕಂತ್ರಿ.”

“ಎಲ್ಲಿಗೆ?”

“ಎಲ್ಲಿಗೂ ಇಲ್ಲರಿ. ಬರೇ ಓಡಸಬೇಕು.”

ಬಸಣ್ಣನ ಮೋತಿ ಅರಳಿತು. “ರೀ ಕುಲಕರ್ಣಿಯವರ, ಏಳ್ರಿ. ಲಕ್ಷಾಂತರ ರೂಪಾಯಿ ಕೊಟ್ಟು ತಂದ ಗಾಡಿಗೆ ಕೆಲಸಾ ಇಲ್ಲದಽ ಅಡ್ಡಾಡಿ ಬರಬೇಕಂತ. ಹತ್ತರಗಿ ಟೋಲ್ ದಾಟಿ ಸಂಕೇಶ್ವರ ಮಟಾ ಹೋಗೂಣು.”

“ನಾ ಯಾಕ ಬಿಡ್ರಿ” ಅಂದ್ರು ಕುಲಕರ್ಣಿಯವರು. “ನೀವಿಬ್ಬರು ಹೋಗಿಬರ್ರಿ.”

“ಹಂಗಂದ್ರ ಹೆಂಗ? ಮಂದಿ ಕುಂತಷ್ಟು ಎಂಜಿನ್ನಿಗೆ ಲೋಡ್ ಬೀಳತೈತಿ, ಲಗೂ ಕಾಯತೈತಿ. ಹೌದಲ್ಲೋ ಸಂಜ್ಯಾ?”

ಸಂಜು ಮೊಬೈಲ್ ನೋಡಬೇಕಂತ ಕಿಸೆಗೆ ಕೈ ಹಾಕಿದ, ಬಸಣ್ಣನ ಮೋತಿ ನೋಡಿ ಕೈ ಹೊರಗ ತಗದ. “ಹೌದ್ರೀ ಸರ, ಹೌದು.”

ಗಾಡಿ ಒಂದನೇ ಗೇಟ್ ದಾಟೂದರಾಗ ಕುಲಕರ್ಣಿಯವರ ಫೋನ್ ಬಂತು, ಮನಿಯಿಂದ. “ಹೂಂ... ಊಟಕ್ಕ ತಡಾ ಆಗ್ತದ. ಸಂಕೇಶ್ವರಕ್ಕ ಹೊಂಟೇವಿ... ಇಲ್ಲ, ಕೆಲಸ ಅಂತ ಏನಿಲ್ಲ... ಅವರಿಬ್ಬರಿಂದಽ ಆಗೂದಿಲ್ಲ ಅದು. ನಾ ಇರಲೇಬೇಕು. ನಾ ಲೋಡ್ ಇದ್ದೇನಿ.”